ಹಿಂದಿನ ಗೋಡೆ ತೆಗೆದ ಮೇಲೆ: ಋತುಗಳನ್ನು ನೆಚ್ಚಿಕೊಂಡ ಒಂದು ಹೋಟೆಲ್‌ನ ಪ್ರಕರಣ ಅಧ್ಯಯನ

ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆಯೊಂದರಲ್ಲಿ ಇರುವ ಹೋಟೆಲ್ ಇದು. ಒಳಾಂಗಣ ವಿನ್ಯಾಸ ಮಾಡಿದ್ದು ನಾನು. ಮೊದಲ ಸಲ ತಪ್ಪು ಮಾಡಿದ್ದೂ ನಾನೇ. ಮಾಲೀಕರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಬೀದಿ, ಗುರುತು ಸಿಗುವಂಥ ವಿವರ ಯಾವುದನ್ನೂ ಇಟ್ಟಿಲ್ಲ. 'ನಿಸರ್ಗದ ಥೀಮ್ ಬೇಕು' ಅಂತ ಬರುವ ಹೋಟೆಲ್‌ನವರು ಈಗ ಜಾಸ್ತಿ. ಅವರಿಗೂ, ಅವರಿಗೆ ನಕ್ಷೆ ಹಾಕಿಕೊಡುವವರಿಗೂ ನಮ್ಮ ಅನುಭವ ಗೊತ್ತಿರಲಿ ಅನ್ನೋದು ನನ್ನ ಆಸೆ.

ಹಿನ್ನೆಲೆ

ಮಾಲೀಕರು ಗಂಡ ಹೆಂಡತಿ, ಮಲೆನಾಡಿನವರು. ಅಕ್ಕಿ ರೊಟ್ಟಿ, ತಂಬುಳಿ, ಅಪ್ಪೆಹುಳಿ, ಪತ್ರೊಡೆ, ಹಲಸಿನ ಕಡುಬು, ಹೀಗೆ ಮನೆ ಅಡುಗೆ ಬಡಿಸುವ 48 ಸೀಟಿನ ಜಾಗ ಮಾಡಬೇಕು ಅಂತ ಒಂದು ಹಳೇ ಮನೆ ಬಾಡಿಗೆಗೆ ಹಿಡಿದಿದ್ದರು. ಮುಂದೆ ಪೂರ್ವಕ್ಕೆ ರಸ್ತೆ. ಹಿಂದೆ ಪಶ್ಚಿಮಕ್ಕೆ ಚಿಕ್ಕ ಹಿತ್ತಲು. ಹಿತ್ತಲಲ್ಲಿ ಒಂದು ಒಗೆಯೋ ಕಲ್ಲು, ಪಾತ್ರೆ ತೊಳೆಯುವ ನಲ್ಲಿ, ಒಂದು ದೊಡ್ಡ ಹೊಂಗೆ ಮರ.

ಮೊದಲ ಭೇಟಿಯಲ್ಲಿ ಆಕೆ ಹೇಳಿದ್ದು ಒಂದೇ ಮಾತು. "ಒಳಗೆ ಬಂದವರಿಗೆ ನಮ್ಮೂರ ಮಳೆಗಾಲ ನೆನಪಾಗಬೇಕು."

ಈ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅದನ್ನು ಹಿಗ್ಗಿಸಿ 'ನಾಲ್ಕು ಋತು, ನಾಲ್ಕು ಮೂಲೆ' ಅಂತ ಮಾಡಿದೆ. ತೋರಿಸಲು ಒಂದಷ್ಟು ಫೋಟೋ ಜೋಡಿಸಿದ್ದೆ. ಅದರಲ್ಲಿ ಒಂದು ಮೂಲೆ ತುಂಬ ಕೆಂಪು ಮೇಪಲ್ ಎಲೆ. ಆಕೆ ಬೆರಳಿಟ್ಟು ಕೇಳಿದರು, "ಇದು ಯಾವ ಮರದ ಎಲೆ? ನಮ್ಮಲ್ಲಿ ಯಾವಾಗ ಹೀಗಾಗತ್ತೆ?"

ನಾನು ಮೇಪಲ್ ತೆಗೆದೆ. ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟೆ. ಆ ಪ್ರಶ್ನೆ ಹಿಡಿದುಕೊಂಡು ಹೋಗಿದ್ದರೆ ಒಂದು ವರ್ಷ, ಒಂದಷ್ಟು ಲಕ್ಷ ರೂಪಾಯಿ ಉಳಿಯುತ್ತಿತ್ತು. ನಾಲ್ಕು ಋತುವಿನ ಲೆಕ್ಕವೇ ನಮ್ಮದಲ್ಲ. ನಮ್ಮ ಪಂಚಾಂಗದಲ್ಲಿ ಆರು ಋತು. ರೈತರ ಬಾಯಲ್ಲಂತೂ ಮಳೆಗೇ ಒಂದೊಂದು ಹೆಸರು: ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ಒಂದೊಂದು ಮಳೆ ಸುಮಾರು 13-14 ದಿನ. ಬೆಂಗಳೂರಲ್ಲಿ ಎಲೆ ಉದುರೋದು ಚಳಿಗಾಲ ಶುರುವಾಗುವಾಗ ಅಲ್ಲ, ಮುಗಿಯುವಾಗ. ಫೆಬ್ರುವರಿಯಲ್ಲಿ ಎಲೆ ಬೀಳುತ್ತದೆ. ಯುಗಾದಿ ಹೊತ್ತಿಗೆ ಅದೇ ಮರದಲ್ಲಿ ಹೊಸ ಚಿಗುರು. ಈ ಊರಿನ ಬೀದಿಗಳಲ್ಲಿ ಒಂದರ ಹಿಂದೆ ಒಂದು ಮರ ಹೂ ಬಿಡೋದು ಸುಮ್ನೆ ಆದದ್ದಲ್ಲ. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರು ವರ್ಷವಿಡೀ ಎಲ್ಲೋ ಒಂದು ಕಡೆ ಹೂ ಇರುವ ಹಾಗೆ ಲೆಕ್ಕ ಹಾಕಿ ಮರಗಳನ್ನು ಆರಿಸಿದವರು. ಇಷ್ಟೆಲ್ಲ ಹೊರಗಡೆ ಇರುವಾಗ ನಾನು ಒಳಗೆ ಪೋಸ್ಟರ್ ಅಂಟಿಸುವ ಯೋಚನೆಯಲ್ಲಿದ್ದೆ.

ಮೊದಲು ಮಾಡಿದ್ದು

ವಸಂತದ ಮೂಲೆಗೆ ಹೂವಿನ ದೊಡ್ಡ ಚಿತ್ರ. ಬೇಸಿಗೆಗೆ ಸುಟ್ಟ ಮಣ್ಣಿನ ಬಣ್ಣ, ಮಡಕೆಗಳು. ಚಳಿಗೆ ಗಾಢ ಮರದ ಹಲಗೆ. ಮಳೆಗೆ ಮೇಲಿಂದ ಕೆಳಗೆ ನೀರು ಇಳಿಯುವ ಗಾಜಿನ ಗೋಡೆ. ಬಾಗಿಲಿಂದ ಒಳಗೆ ಬಂದ ತಕ್ಷಣ ಕಾಣುವ ಹಾಗೆ ಹತ್ತು ಅಡಿ ಅಗಲದ ಜೀವಂತ ಹಸಿರು ಗೋಡೆ, ಅದರ ಮೇಲೆ ಹಸಿರು ಛಾಯೆಯ ದೀಪ.

ಇನ್ನೊಂದು ಕೆಲಸವನ್ನೂ ಮಾಡಿದೆ. ಆಗ ಅದು ನನಗೆ ದೊಡ್ಡ ವಿಷಯ ಅನ್ನಿಸಲೇ ಇಲ್ಲ. ಪಾತ್ರೆ ತೊಳೆಯುವ ಹಿತ್ತಲು ಗಿರಾಕಿಗಳಿಗೆ ಕಾಣಬಾರದು ಅಂತ ಪಶ್ಚಿಮದ ಗೋಡೆಗೆ ಒತ್ತಿ ಸ್ಟೋರ್ ರೂಮ್ ಕಟ್ಟಿಸಿದೆ. ಗಾಳಿಗೆ ಅಂತ ಒಂದು ಕಿಟಕಿ ಮಾತ್ರ ಉಳಿಯಿತು. ಅದರ ಪಕ್ಕ ಮೂಲೆಯಲ್ಲಿ ಜಾಗ ಮಿಕ್ಕಿತ್ತು. ಇಬ್ಬರು ಕೂರುವ ಸಾದಾ ಟೇಬಲ್ ಒಂದನ್ನು ಹಾಕಿದೆವು. ಅದಕ್ಕೆ 14ನೇ ನಂಬರ್.

ಏನಾಯಿತು

ಮೊದಲ ಎರಡು ತಿಂಗಳು ಚೆನ್ನಾಗಿತ್ತು. ಬಂದವರು ಹಸಿರು ಗೋಡೆ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಮೇಲೆ ಒಂದೊಂದಾಗಿ ಶುರುವಾಯಿತು.

ಗಿಡಗಳು ಕೆಳಗಿನ ಸಾಲಿನಿಂದ ಹಳದಿಯಾದವು. ನೀರು ಕಡಿಮೆಯಾಯಿತು ಅಂತ ಹುಡುಗರು ಇನ್ನೂ ಜಾಸ್ತಿ ನೀರು ಬಿಟ್ಟರು. ಬೇರು ಕೊಳೆಯಿತು. ಒದ್ದೆ ಮಣ್ಣಿನಿಂದ ಸಣ್ಣ ಕಪ್ಪು ನೊಣ ಎದ್ದು ಸಾರಿನ ಬಟ್ಟಲ ಮೇಲೆ ಹಾರಾಡಿದವು. ಆಗ ನಾನು ಲಕ್ಸ್ ಮೀಟರ್ ತೆಗೆದುಕೊಂಡು ಹೋಗಿ ಬೆಳಕು ಅಳೆದೆ. ಗೋಡೆಯ ಕೆಳಭಾಗದಲ್ಲಿ 80 ಲಕ್ಸ್. ಒಳಗೆ ಬೆಳೆಸುವ ಸಾಮಾನ್ಯ ಎಲೆಗಿಡ ಚೆನ್ನಾಗಿ ಬಾಳಬೇಕು ಅಂದರೆ ದಿನಕ್ಕೆ ಹತ್ತು ಹನ್ನೆರಡು ಗಂಟೆ 500ರಿಂದ 1000 ಲಕ್ಸ್ ಆದರೂ ಬೇಕು. ಗಿಡ ಹಾಕುವ ಮೊದಲು ಐದು ನಿಮಿಷ ಅಳೆದಿದ್ದರೆ ಗೊತ್ತಾಗುತ್ತಿತ್ತು.

ಸತ್ತ ಗಿಡ ತೆಗೆದು ಪ್ಲಾಸ್ಟಿಕ್ ಎಲೆ ಹಾಕಿಸಿದೆವು. ಒಗ್ಗರಣೆ ಹೊಗೆ ಎಲ್ಲಿ ಹೋಗತ್ತೆ ಹೇಳಿ? ಒಂದೂವರೆ ತಿಂಗಳಲ್ಲಿ ಆ ಎಲೆಗಳ ಮೇಲೆ ಎಣ್ಣೆ ಪದರ, ಅದರ ಮೇಲೆ ಧೂಳು. ಒಂದು ಎಲೆ ಹಿಡಿದು ಉಜ್ಜಿ ನೋಡಿದೆ. ಬೆರಳಿಗೆ ಕಪ್ಪು ಜಿಡ್ಡು ಹತ್ತಿತು. ಊಟ ಮಾಡುವ ಜಾಗದಲ್ಲಿ ಅದನ್ನು ನೋಡಿ ನನಗೆ ನಾಚಿಕೆಯಾಯಿತು.

ನೀರಿನ ಗಾಜಿನದು ಬೇರೆ ಕಥೆ. ಬೋರ್‌ವೆಲ್‌ನ ಗಡಸು ನೀರು, ಗಾಜಿನ ಮೇಲೆ ಸುಣ್ಣದ ಬಿಳಿ ಗೆರೆ ಬಿಟ್ಟಿತು. ಮುಚ್ಚಿದ ಕೋಣೆಯಲ್ಲಿ ತೇವ ಜಾಸ್ತಿಯಾಗಿ ಮುಗ್ಗಲು ವಾಸನೆ. ಸದ್ದು ಕೇಳಿದರೆ ಮಳೆ ನೆನಪಾಗುತ್ತಿರಲಿಲ್ಲ, ಎಲ್ಲೋ ನಲ್ಲಿ ಬಿಟ್ಟು ಬಂದ ಹಾಗೆ ಅನ್ನಿಸುತ್ತಿತ್ತು. ಮಳೆಯ ಸದ್ದು ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ಇದು ಬೆಳಿಗ್ಗೆ ಹನ್ನೊಂದರಿಂದ ರಾತ್ರಿ ಹತ್ತರವರೆಗೆ ಒಂದೇ ಸಮ.

ಊಟಕ್ಕೆ ಪೆಟ್ಟು ಕೊಟ್ಟಿದ್ದು ಬೆಳಕು. ಹಸಿರು ದೀಪ, ಹಸಿರು ಗೋಡೆಯಿಂದ ಚಿಮ್ಮುವ ಬೆಳಕು, ಜೊತೆಗೆ ಅಗ್ಗದ ಎಲ್‌ಇಡಿ. ಇಂಥ ದೀಪದಲ್ಲಿ ಕೆಂಪು ಬೆಳಕು ಕಡಿಮೆ. ಬೀಟ್‌ರೂಟ್ ಪಲ್ಯ ಕಂದು ಬಣ್ಣಕ್ಕೆ ಕಾಣುತ್ತಿತ್ತು. ಒಂದೆಲಗದ ತಂಬುಳಿ ಬೂದಿ ಬಣ್ಣ. ಒಬ್ಬರು ಹಿರಿಯರು ಸಾರು ಹಳಸಿದೆಯಾ ಅಂತ ಕೇಳಿದರಂತೆ. ಆ ಸಾರು ಮಾಡಿ ಅರ್ಧ ಗಂಟೆಯೂ ಆಗಿರಲಿಲ್ಲ. ಒಳ್ಳೆ ಅಡುಗೆಯನ್ನು ದೀಪ ಹಾಳು ಮಾಡಬಲ್ಲದು ಅಂತ ನಾನು ಕಲಿತದ್ದು ಆ ದಿನ.

ಗದ್ದಲವೂ ಸೇರಿಕೊಂಡಿತು. ಗ್ರಾನೈಟ್ ನೆಲ, ಗಾಜು, ಬರೀ ಆರ್‌ಸಿಸಿ ತಾರಸಿ. ಭಾನುವಾರ ಮಧ್ಯಾಹ್ನ ಪಕ್ಕದವರ ಮಾತು ಕೇಳಲು ಕೂಗಬೇಕಿತ್ತು.

ಟೇಬಲ್ ಪುಸ್ತಕ

ನನ್ನ ಮೊದಲ ಉತ್ತರ ಮತ್ತೊಂದು ತಪ್ಪು. ಮೂರು ತಿಂಗಳಿಗೊಮ್ಮೆ ಅಲಂಕಾರ ಬದಲಿಸೋಣ ಅಂದೆ. ಮಾಲೀಕರು ಖರ್ಚಿನ ಪಟ್ಟಿ ನೋಡಿ, ಇಷ್ಟು ದುಡ್ಡು ನಮ್ಮಲ್ಲಿಲ್ಲ ಅಂತ ನೇರವಾಗಿ ಹೇಳಿದರು. ಅವತ್ತು ಒಳ್ಳೇದೇ ಆಯಿತು.

ಆಮೇಲೆ ಮ್ಯಾನೇಜರ್ ಒಂದು ನೋಟ್‌ಬುಕ್ ತಂದು ಮುಂದಿಟ್ಟರು. ಫೋನ್ ಮಾಡಿ ಜಾಗ ಕಾದಿರಿಸುವವರು ಯಾವ ಟೇಬಲ್ ಕೇಳುತ್ತಾರೆ ಅಂತ ಅವರು ತಮ್ಮ ಅನುಕೂಲಕ್ಕೆ ಬರೆದಿಟ್ಟುಕೊಂಡಿದ್ದರು. ಆರು ವಾರದ ಪುಟ ತಿರುವಿದೆವು. ಅತಿ ಹೆಚ್ಚು ಸಲ ಬರೆದಿದ್ದ ನಂಬರ್ 14. ಮಳೆಗಾಜಿನ ಪಕ್ಕದ ಟೇಬಲ್ ಕೊನೆಗೆ ತುಂಬುತ್ತಿತ್ತು. ನಾವು ಅತಿ ಹೆಚ್ಚು ಖರ್ಚು ಮಾಡಿದ ಮೂಲೆ ಅದು.

ಯಾಕೆ ಅಂತ ತಿಳಿಯಲು ನಾನೇ ಒಂದು ಸಂಜೆ 14ರಲ್ಲಿ ಕೂತೆ. ಸೆಪ್ಟೆಂಬರ್. ನಾಲ್ಕೂವರೆಗೆ ಬಿಸಿಲು ಹೊಂಗೆ ಎಲೆಗಳ ಸಂದಿಯಿಂದ ಬಂದು ಟೇಬಲ್ ಮೇಲೆ ಅಲುಗಾಡುತ್ತಿತ್ತು. ತಟ್ಟೆಯ ಅಂಚಲ್ಲಿ ಒಂದು ಚುಕ್ಕೆ, ಕೈ ಮೇಲೆ ಒಂದು ಚುಕ್ಕೆ. ಐದು ಗಂಟೆಗೆ ಮೋಡ ಕಟ್ಟಿತು, ಚುಕ್ಕೆಗಳು ಹೋದವು. ಗಾಳಿ ಎದ್ದು ಎಲೆ ಮಗುಚಿ ಬಿಳುಚಾದ ಹಿಂಬದಿ ಕಾಣಿಸಿತು. ಆಮೇಲೆ ಮಣ್ಣಿನ ವಾಸನೆ. ಆಮೇಲೆ ಒಗೆಯೋ ಕಲ್ಲಿನ ಮೇಲೆ ದೊಡ್ಡ ದೊಡ್ಡ ಹನಿ. ಪಾತ್ರೆ ತೊಳೆಯುತ್ತಿದ್ದ ಅಮ್ಮ ಸೆರಗು ತಲೆ ಮೇಲೆ ಹಾಕಿಕೊಂಡು ಒಳಗೆ ಓಡಿ ಬಂದರು. ಅರ್ಧ ಗಂಟೆಯಲ್ಲಿ ಕಿಟಕಿಯ ಆಚೆ ಇಷ್ಟೆಲ್ಲ ಆಯಿತು. ಹಿಂತಿರುಗಿ ನೋಡಿದರೆ ಗಾಜಿನ ಮೇಲೆ ಅದೇ ನೀರು ಅದೇ ಸದ್ದಿನಲ್ಲಿ ಇಳಿಯುತ್ತಿತ್ತು.

ಋತು ಅಂದರೆ ಬದಲಾಗೋದು, ಅಲ್ವಾ? ನಾನು ಬದಲಾಗದ ನಾಲ್ಕು ಚಿತ್ರ ಮಾಡಿಟ್ಟು ಅದಕ್ಕೆ ಋತುಗಳ ಹೆಸರು ಕೊಟ್ಟಿದ್ದೆ. ನಿಜವಾಗಿ ಬದಲಾಗುವುದರ ಮುಂದೆ ಸ್ಟೋರ್ ರೂಮ್ ಕಟ್ಟಿದ್ದೆ.

ತೀರ್ಮಾನಗಳು

ಮರುದಿನವೇ ಹೇಳಿದೆ, ಸ್ಟೋರ್ ರೂಮ್ ಒಡೆಯೋಣ. ಮಾಲೀಕರಿಗೆ ಸಿಟ್ಟು ಬಂತು. ಕಟ್ಟಿ ಹತ್ತು ತಿಂಗಳಾಗಿತ್ತು ಅಷ್ಟೆ. ಗಂಡ ಒಪ್ಪಲಿಲ್ಲ, ಹೆಂಡತಿ ಒಪ್ಪಿದರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ನಾನು ನನ್ನ ಶುಲ್ಕ ಬಿಡುತ್ತೇನೆ. ಗಾಜಿನ ಗೋಡೆಯ ಪಂಪು, ಸ್ಟೀಲು ಮಾರಿದ ದುಡ್ಡು ಇದಕ್ಕೇ ಹಾಕಬೇಕು. ಮನೆ ಓನರ್ ಲಿಖಿತ ಒಪ್ಪಿಗೆ ಕೊಟ್ಟ ಮೇಲೆ ಮಾತ್ರ ಗೋಡೆ ಮುಟ್ಟಬೇಕು. ಇಂಜಿನಿಯರ್ ಕರೆಸಿ, ಅದು ಭಾರ ಹೊರುವ ಗೋಡೆಯೇ ಅಂತ ನೋಡಿಸಿದೆವು. ಹೌದು, ಹೊರುವ ಗೋಡೆ. ತೊಲೆ ಕೊಟ್ಟು ಹನ್ನೆರಡು ಅಡಿ ತೆರೆದೆವು.

ಪಾತ್ರೆ ತೊಳೆಯುವ ಜಾಗವನ್ನು ಉತ್ತರದ ಓಣಿಗೆ ಸರಿಸಿದೆವು. ಆ ಅಮ್ಮನಿಗೆ ಅಲ್ಲಿ ಸೊಂಟದ ಎತ್ತರಕ್ಕೆ ಸಿಂಕು, ಮೇಲೆ ಮಾಡು ಮಾಡಿಕೊಟ್ಟೆವು. ನಿಂತು ತೊಳೆಯಬಹುದು, ಮಳೆಗೆ ಓಡಬೇಕಾಗಿಲ್ಲ. ಹಿತ್ತಲಿಗೆ ಜಗಲಿ, ಜಗಲಿ ಮೇಲೆ ಇಳಿಜಾರು ಮಾಡು, ಹಳೇ ಮನೆ ಕೆಡವಿದ ಕಡೆಯಿಂದ ತಂದ ಮಂಗಳೂರು ಹೆಂಚು. ಮಂಗಳೂರಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಹೆಂಚು ಮಾಡಲು ಶುರು ಮಾಡಿದ್ದು ಕರಾವಳಿ, ಮಲೆನಾಡಿನ ಮಳೆಗೆ ಎಷ್ಟು ಹೊಂದಿಕೊಂಡಿತು ಅಂದರೆ ಅದು ಆ ಕಡೆಯ ಮನೆಯ ಮುಖವೇ ಆಗಿಹೋಯಿತು. ಹೆಂಚಿನ ಅಂಚಿಗೆ ನೀರು ಹಿಡಿದು ಹರಿಸುವ ದೋಣಿ ಹಾಕಲಿಲ್ಲ. ನೀರು ಎಳೆ ಎಳೆಯಾಗಿ ಕೆಳಗೆ ಬೀಳಲಿ, ಬಿದ್ದಲ್ಲಿ ಜಲ್ಲಿ ತುಂಬಿದ ಕಾಲುವೆ ಇರಲಿ ಅಂತ. ಮರದ ಬುಡಕ್ಕೆ ಕಾಂಕ್ರೀಟ್ ಮುಟ್ಟಿಸಲಿಲ್ಲ. ನೆಲಕ್ಕೆ ಕಲ್ಲು ಚಪ್ಪಡಿ, ಸಂದಿಯಲ್ಲಿ ಮಣ್ಣು.

ಒಳಗೆ ಎಲ್ಲ ದೀಪ ಬದಲಾಯಿಸಿದೆವು. 2700 ಕೆಲ್ವಿನ್ ಅಂದರೆ ಬೆಚ್ಚನೆಯ ಹಳದಿ ಛಾಯೆ, ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನೋ ಅಳತೆ) 90ಕ್ಕಿಂತ ಮೇಲೆ, ಟೇಬಲ್‌ಗೆ ಒಂದು ಸ್ವಿಚ್ಚು, ಗೋಡೆಗೆ ಒಂದು, ಜಗಲಿಗೆ ಒಂದು. ಮೋಡ ಕವಿದ ಜುಲೈ ಮಧ್ಯಾಹ್ನಕ್ಕೂ ಬಿಸಿಲಿನ ಮಾರ್ಚ್ ಮಧ್ಯಾಹ್ನಕ್ಕೂ ಒಂದೇ ಬೆಳಕು ಬೇಕಾಗಲ್ಲ. ತಾರಸಿ ಕೆಳಗೆ ಸದ್ದು ಹೀರುವ ಹಲಗೆ, ಅದರ ಕೆಳಗೆ ಮರದ ಪಟ್ಟಿ. ಗೋಡೆಗಳಿಗೆ ಸುಣ್ಣ. ಚಿತ್ರ ಒಂದೂ ಇಲ್ಲ. ಹಸೆ ಚಿತ್ತಾರ ಬರೆಸೋಣ ಅನ್ನೋ ಮಾತು ಬಂತು. ಸಾಗರದ ಕಡೆ ಮದುವೆ, ಹಬ್ಬದ ಹೊತ್ತಿಗೆ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಿಂದ, ಪುಂಡಿ ನಾರಿನ ಕುಂಚದಲ್ಲಿ ಬರೆಯೋದು ಅದು. ಸುಮ್ನೆ ನಕಲು ಮಾಡಿ ಗೋಡೆ ತುಂಬಿಸೋದು ನಮಗೆ ಸರಿ ಅನ್ನಿಸಲಿಲ್ಲ. ಬಿಟ್ಟೆವು.

ಹಸಿರು ಗೋಡೆ ಇದ್ದ ಜಾಗದಲ್ಲಿ ಒಂದು ಉದ್ದ ಗೂಡು ಕೊರೆದೆವು, ಹಳೇ ಮನೆಗಳ ದೀಪದ ಗೂಡಿನ ಹಾಗೆ. ಋತುವಿಗೆ ಅಂತ ಒಳಗೆ ಇದ್ದದ್ದು ಅಷ್ಟೇ ಜಾಗ. ಅದಕ್ಕೆ ಏನು ಇಡೋದು?

ಮೊದಲು ಮಳೆ ನಕ್ಷತ್ರದ ಪ್ರಕಾರ ಬದಲಿಸೋಣ ಅಂದುಕೊಂಡೆವು. ಸ್ಲೇಟಿನ ಮೇಲೆ ನಕ್ಷತ್ರದ ಹೆಸರು, ಅದರ ಗಾದೆ. 'ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು' ಅಂತ ಬರೆದ ದಿನ ತುಂಬಾ ಜನ ನಿಂತು ಓದಿದರು. ಆದರೆ ವರ್ಷಕ್ಕೆ 27 ಸಲ ಯಾರು ಬದಲಿಸೋದು? ನಾಲ್ಕನೇ ಸಲಕ್ಕೇ ಮರೆತುಹೋಯಿತು. ಮಘೆ ಮುಗಿದು ಹತ್ತು ದಿನವಾದರೂ ಸ್ಲೇಟಿನಲ್ಲಿ ಮಘೆಯೇ ಇತ್ತು.

ದಾರಿ ತೋರಿಸಿದ್ದು ಅಡುಗೆಯವರು. "ತರಕಾರಿ ಬುಟ್ಟಿ ಹೇಗೂ ದಿನಾ ಬರತ್ತಲ್ಲ, ಅದನ್ನೇ ಒಂದರ್ಧ ದಿನ ಅಲ್ಲಿಡಿ." ಅಷ್ಟೇ. ಬೆಳಿಗ್ಗೆ ಮಾರ್ಕೆಟ್‌ನಿಂದ ಬಂದ ಬುಟ್ಟಿ ಗೂಡಲ್ಲಿ ಕೂರುತ್ತದೆ, ಅಡುಗೆಗೆ ಬೇಕಾದಾಗ ಒಳಗೆ ಹೋಗುತ್ತದೆ. ಮಾರ್ಚ್‌ನಲ್ಲಿ ಅಪ್ಪೆಮಿಡಿ, ಮೇಯಲ್ಲಿ ಹಲಸು, ಮಳೆಗಾಲದಲ್ಲಿ ಕೆಸುವಿನ ಎಲೆಯ ಕಟ್ಟು. ಯಾರೂ ನೆನಪಿಡಬೇಕಾಗಿಲ್ಲ. ಅಡುಗೆಮನೆ ನಡೆಯುವವರೆಗೂ ಗೂಡು ಬದಲಾಗುತ್ತದೆ.

ಮೊದಲ ವರ್ಷ

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗತ್ತೆ. ನಾನೂ ಮಾಲೀಕರೂ ಮಲೆನಾಡಿನ ಮಳೆಯನ್ನು ಮನಸ್ಸಲ್ಲಿಟ್ಟುಕೊಂಡು ಜಗಲಿ ಮಾಡಿದ್ದೆವು. ಇಲ್ಲಿ ಬರೋದು ಬೆಂಗಳೂರಿನ ಮಳೆ. ಮಲೆನಾಡಲ್ಲಿ ಜುಲೈನಲ್ಲಿ ಹಗಲು ರಾತ್ರಿ ಸುರಿಯುತ್ತದೆ. ಬೆಂಗಳೂರಿಗೆ ಜಾಸ್ತಿ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್, ಜುಲೈ ಇಲ್ಲಿ ತುಂತುರು ಮತ್ತು ಗಾಳಿ. ಆ ಗಾಳಿ ಪಶ್ಚಿಮದಿಂದ. ನಮ್ಮ ಜಗಲಿಯೂ ಪಶ್ಚಿಮಕ್ಕೆ. ಹನಿ ನೇರ ಬೀಳದೆ ಎರಚಲು ಹೊಡೆದು ಹೊರಗಿನ ಎರಡು ಟೇಬಲ್ ನೆನೆದವು.

ಬಿದಿರಿನ ಚಾಪೆ ಪರದೆ ತಂದು ಕಟ್ಟಿದೆವು. ಎರಚಲು ನಿಂತಿತು. ಎರಡು ತಿಂಗಳಿಗೆ ಪರದೆ ಕೆಳಗೆ ಟೇಬಲ್ ಮೇಲೆ ರವೆಯಂಥ ಹಳದಿ ಹುಡಿ. ಬಿದಿರಿಗೆ ಹುಳ. ಬಿದಿರನ್ನು ಬೊರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಿ ಒಣಗಿಸಿದ್ದಾರಾ ಅಂತ ನಾನು ಕೇಳಿರಲಿಲ್ಲ. ಎರಡನೇ ಸಲ ಕೇಳಿ ತಂದೆವು. ಅವು ಇನ್ನೂ ಇವೆ.

ಏಪ್ರಿಲ್‌ನಲ್ಲಿ ಪಶ್ಚಿಮದ ಬಿಸಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದೆವು. ಬೆಂಗಳೂರಿನ ಒಣ ಬೇಸಿಗೆಗೆ ಅದು ಚೆನ್ನಾಗಿ ಕೆಲಸ ಮಾಡಿತು. ಒಳಗೆ ಬಂದವರು ಮೊದಲು ಒಂದು ದೀರ್ಘ ಉಸಿರು ಎಳೆದುಕೊಳ್ಳುತ್ತಿದ್ದರು. ಮೇ ಕೊನೆಗೆ ಮಳೆ ಹಿಡಿದ ಮೇಲೆ ಅದೇ ತಟ್ಟಿ ಒಣಗದೆ ಬೂಷ್ಟು ಹಿಡಿಯಿತು. ಈಗ ಕೊಕ್ಕೆ ಹಾಕಿದ್ದೇವೆ. ಇಬ್ಬರು ಹುಡುಗರು ಹತ್ತು ನಿಮಿಷದಲ್ಲಿ ಬಿಚ್ಚಿ ಮಡಚಿಡುತ್ತಾರೆ. ಯಾವುದನ್ನು ಹೇಗೆ ಹಾಕಬೇಕು ಅನ್ನೋ ಜೊತೆಗೆ ಹೇಗೆ ತೆಗೆಯಬೇಕು ಅಂತಲೂ ನಕ್ಷೆಯಲ್ಲೇ ಬರೆಯೋದು ಅಲ್ಲಿಂದ ನನಗೆ ಅಭ್ಯಾಸವಾಯಿತು.

ಒಂದು ವಿಷಯಕ್ಕೆ ದೊಡ್ಡ ಚರ್ಚೆಯೇ ಆಯಿತು. ಬೇಸಿಗೆಯಲ್ಲಿ ಹೊಂಗೆ ಹೂ ಉದುರುತ್ತದೆ. ನಸು ಗುಲಾಬಿ ಬೆರೆತ ಬಿಳಿ, ಅರಳು ಚೆಲ್ಲಿದ ಹಾಗೆ ಹಿತ್ತಲು ತುಂಬ. ಮ್ಯಾನೇಜರ್ ಗಂಟೆಗೊಮ್ಮೆ ಗುಡಿಸಿಸುತ್ತಿದ್ದರು. ಹೋಟೆಲ್ ಅಂದರೆ ಶುಚಿ, ಅವರ ಮಾತಲ್ಲಿ ತಪ್ಪೇನಿಲ್ಲ. ಆದರೆ ಬರುವವರು ಹೂವಿನ ಮೇಲೆ ಕಾಲಿಡದೆ ದಾಟಿಕೊಂಡು ಹೋಗುವುದನ್ನು ನಾವೆಲ್ಲ ನೋಡಿದ್ದೆವು. ಕೊನೆಗೆ ಹೀಗೆ ಗೊತ್ತು ಮಾಡಿದೆವು: ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಒಂದು ಸಲ, ಮಧ್ಯಾಹ್ನ ಊಟ ಮುಗಿದ ಮೇಲೆ ಒಂದು ಸಲ. ನಡುವೆ ಬಿದ್ದದ್ದು ಬಿದ್ದ ಹಾಗೇ ಇರಲಿ. ಟೇಬಲ್ ಮಾತ್ರ ಒರೆಸಬೇಕು.

ಡಿಸೆಂಬರ್‌ನಲ್ಲಿ ಆದದ್ದು ನಮ್ಮ ಯಾರ ನಕ್ಷೆಯಲ್ಲೂ ಇರಲಿಲ್ಲ. ಅವರೆಕಾಯಿ ಮೂಟೆ ಬಂತು. ಮೂರು ಗಂಟೆಗೆ ಗಿರಾಕಿ ಕಡಿಮೆ ಇರುವ ಹೊತ್ತಲ್ಲಿ ಹುಡುಗರು ಜಗಲಿ ಮೇಲೆ ಗೋಣಿ ಹಾಸಿ ಸುಲಿಯಲು ಕೂತರು. ಸೊಗಡಿನ ಅವರೆ, ಕಾಯಿ ಮುರಿದರೆ ಬೆರಳಿಗೆ ಅಂಟು, ವಾಸನೆ ಬಾಗಿಲವರೆಗೂ ಬಂತು. ಕಾಫಿ ಕುಡಿಯುತ್ತಿದ್ದ ಅಜ್ಜಿಯೊಬ್ಬರು ಕೇಳದೇ ಬಂದು ಕೂತು ಸುಲಿಯಲು ಶುರು ಮಾಡಿದರು. ಅವರ ಮೊಮ್ಮಗಳು ಕಾಳು ಎಣಿಸಿದಳು. ವಾರದಲ್ಲಿ ಅದೊಂದು ರೂಢಿಯಾಯಿತು. ಮೂರರಿಂದ ನಾಲ್ಕು, ಯಾರು ಬೇಕಾದರೂ ಕೂತು ಸುಲಿಯಬಹುದು. ರಾತ್ರಿ ಹಿತಕಿದ ಬೇಳೆ ಸಾರು.

ಇದರಿಂದ ನಾನು ಬದಲಿಸಿಕೊಂಡದ್ದು

ಈಗ ಹೊಸ ಜಾಗ ನೋಡಲು ಹೋದರೆ ಮೊದಲು ಹಿತ್ತಲಿಗೆ ಹೋಗುತ್ತೇನೆ. ಯಾವ ದಿಕ್ಕಿಗೆ ಯಾವ ಮರ ಇದೆ, ಯಾವ ತಿಂಗಳು ಎಲ್ಲಿಂದ ಗಾಳಿ, ನೀರು ಎಲ್ಲಿ ನಿಲ್ಲುತ್ತದೆ ಅಂತ ಅಕ್ಕಪಕ್ಕದ ಹಳಬರನ್ನು ಕೇಳುತ್ತೇನೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬೆಳಕು ಅಳೆಯುತ್ತೇನೆ. ಒಳಗೆ ಗಿಡ ಬೇಕು ಅಂದವರಿಗೆ ಆ ಅಂಕಿ ತೋರಿಸುತ್ತೇನೆ. ನರ್ಸರಿಯವರು ಕೊಡುವ ಅರೆಕಾ ಪಾಮ್ ನಮ್ಮ ಅಡಿಕೆ ಅಲ್ಲ, ಅದರ ಮೂಲ ಮಡಗಾಸ್ಕರ್ ಅಂತ ಮಲೆನಾಡಿನ ಹೋಟೆಲ್ ಕಟ್ಟುವವರಿಗೆ ಹೇಳಲೇಬೇಕಾಗುತ್ತದೆ. ವಿನ್ಯಾಸದಲ್ಲಿ ಯಾವುದೇ ಒಂದು ವಸ್ತು ಬದಲಾಗಬೇಕು ಅಂತಿದ್ದರೆ ಅದನ್ನು ಬದಲಿಸುವವರು ಯಾರು, ಅವರಿಗೆ ಎಷ್ಟು ಹೊತ್ತಿದೆ ಅಂತ ಬರೆಯದೆ ನಕ್ಷೆ ಕೊಡುವುದಿಲ್ಲ. ಅಡುಗೆಯವರನ್ನು, ಗುಡಿಸುವವರನ್ನು, ಪಾತ್ರೆ ತೊಳೆಯುವವರನ್ನು ಮೊದಲ ಮೀಟಿಂಗ್‌ಗೇ ಕರೆಯುತ್ತೇನೆ. ಈ ಹೋಟೆಲನ್ನು ಉಳಿಸಿದ ಎರಡು ಮಾತು ಬಂದದ್ದು ಒಂದು ನೋಟ್‌ಬುಕ್‌ನಿಂದ, ಇನ್ನೊಂದು ಒಲೆಯ ಮುಂದಿನಿಂದ.

14ನೇ ನಂಬರ್ ಈಗ ಇಲ್ಲ. ಗೋಡೆ ತೆರೆದ ಮೇಲೆ ಆ ಟೇಬಲ್ ಜಗಲಿಯ ಸಾಲಿನಲ್ಲಿ ಸೇರಿಹೋಯಿತು. ಕಳೆದ ತಿಂಗಳು ಹೋದಾಗ ಪಶ್ಚಿಮದ ಪಕ್ಕದ ಸೈಟಿನಲ್ಲಿ ಪಾಯ ತೋಡುತ್ತಿದ್ದರು. ಮೂರು ಮಹಡಿ ಬರುತ್ತದಂತೆ. ಎರಡನೇ ಮಹಡಿ ಎದ್ದ ಮೇಲೆ ನಾಲ್ಕೂವರೆಯ ಬಿಸಿಲು ಹೊಂಗೆಯ ತುದಿಗೆ ಮಾತ್ರ ಸಿಗುತ್ತದೆ. ದಕ್ಷಿಣದ ಕಡೆ ಮಾಡಿನಲ್ಲಿ ಎರಡು ಗಾಜಿನ ಹೆಂಚು ಹಾಕಿದರೆ ಎಷ್ಟು ಬೆಳಕು ಬರಬಹುದು ಅಂತ ನೋಡಬೇಕು. ಬರುವ ಸೋಮವಾರ ಅಳೆಯಲು ಹೋಗುತ್ತಿದ್ದೇನೆ. ಮಾಲಕಿ ಬೆಳಿಗ್ಗೆ ಎಂಟಕ್ಕೇ ಬನ್ನಿ ಅಂದಿದ್ದಾರೆ, ಬುಟ್ಟಿ ಬರುವ ಹೊತ್ತಿಗೆ.